ಬೆಕ್ಕು ತೆಗೀರಿ

ಗಜೇಂದ್ರಗಡದ ನೀಲಪ್ಪನ ಮಗಳು ರೇಣವ್ವ ತನ್ನ ಕೈಯಾರೆ ಮಾಡಿದ್ದನ್ನು ತನ್ನದೆಂದು ಹೇಳಿಕೊಳ್ಳಲು ವರ್ಷಗಟ್ಟಲೆ ಕಾಯಬೇಕಾಯಿತು. ಅದೇನು ಬಂಗಾರದ ಸರವಲ್ಲ, ರೇಷ್ಮೆಯ ಸೀರೆಯೂ ಅಲ್ಲ. ಒಂದು ಬೆಕ್ಕು. ಅದೂ ಮೆಳ್ಳಗಣ್ಣಿನ ಬೆಕ್ಕು.

ಇದು ಶುರುವಾದದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ. ಆಗಿನ್ನೂ ನಮ್ಮ ಕಡೆ ಮುಂಬೈ ಸರಕಾರವಿತ್ತು. ಏಳನೇ ಇಯತ್ತೆಯ ಹುಡುಗಿಯರಿಗೆ ಚಿತ್ರ, ಹೊಲಿಗೆ ಎರಡನ್ನೂ ಕಲಿಸುತ್ತಿದ್ದವರು ರಾಜಮಾ ಅಕ್ಕೋರು. ಪ್ರತಿ ವರ್ಷ ಅವರು ಗಿಳಿಯನ್ನೋ ನವಿಲನ್ನೋ ಹೊಲಿದುಕೊಂಡು ಬರಲು ಹೇಳುವುದು, ಹುಡುಗಿಯರು ಅವ್ವನ ಹಳೆಯ ಕುಬಸದ ಕಸೂತಿಯನ್ನು ಕತ್ತರಿಸಿ ತಂದು "ನಾನ ಹೊಲದೇನ್ರಿ" ಎಂದು ಕಣ್ಣು ಪಿಳಿಪಿಳಿ ಬಿಡುವುದು, ಇದು ವಾಡಿಕೆಯಾಗಿಬಿಟ್ಟಿತ್ತು. ಅವ್ವನ ಮದುವೆಯ ಕಾಲದ ಗಿಳಿಗೆ ಮಗಳ ಹೆಸರಿನಲ್ಲಿ ಎಷ್ಟು ಸಲ ಅಂಕ ಕೊಡುವುದು? ಅಕ್ಕೋರಿಗೆ ರೋಸಿಹೋಯಿತು. ಯಾರ ಮನೆಯ ಸೀರೆಯ ಮೇಲೂ ಸಿಗದ ಪ್ರಾಣಿ ಯಾವುದೆಂದು ಯೋಚಿಸಿ ಯೋಚಿಸಿ ಕೊನೆಗೆ ಬೆಕ್ಕನ್ನು ಹಿಡಿದರು. ಶುಭಕಾರ್ಯಕ್ಕೆ ಉಡುವ ಸೀರೆಯ ಮೇಲೆ ಬೆಕ್ಕನ್ನು ಯಾರು ಹೊಲಿಸಿಕೊಳ್ಳುತ್ತಾರೆ? ಹೊಸ್ತಿಲು ದಾಟುವ ಮೊದಲೇ ಅಡ್ಡ ಬಂದಂತಾಯಿತಲ್ಲ.

"ಎಲ್ಲಾರೂ ಬೆಕ್ಕು ತೆಗೀರಿ" ಎಂದರು ಅಕ್ಕೋರು.

ನಮ್ಮ ಕಡೆ 'ತೆಗೆ' ಎಂಬ ಮಾತಿಗೆ ಮೈತುಂಬ ಕೆಲಸ. ಚಿತ್ರ ಬಿಡಿಸುವುದೂ ತೆಗೆಯುವುದೇ, ಪೆಟ್ಟಿಗೆಯಲ್ಲಿದ್ದುದನ್ನು ಹೊರಗಿಡುವುದೂ ತೆಗೆಯುವುದೇ, ಇದ್ದ ಜಾಗದಿಂದ ಎತ್ತಿ ಆಚೆ ಹಾಕುವುದೂ ತೆಗೆಯುವುದೇ. ಹಿಂದೆ ಕೂತು ತೂಕಡಿಸುತ್ತಿದ್ದ ಗಾಳೆವ್ವ ಆ ಮಾತು ಕಿವಿಗೆ ಬಿದ್ದದ್ದೇ ತಡ ಎದ್ದು, ಮೂಲೆಯ ಕಸಬರಿಗೆ ಹಿಡಿದು, ಬಾಗಿಲ ಹಿಂದೆ, ಅಕ್ಕೋರ ಮೇಜಿನ ಕೆಳಗೆ ಬೆಕ್ಕನ್ನು ಹುಡುಕತೊಡಗಿದಳು. ಹುಡುಗಿಯರು ನಕ್ಕು ನಕ್ಕು ಸುಸ್ತಾದರು. ರೇಣವ್ವ ಮಾತ್ರ ನಗಲಿಲ್ಲ. ಗಾಳೆವ್ವ ಅವಳ ಜೀವದ ಗೆಳತಿ, ಪಕ್ಕದ ಓಣಿಯವಳು.

ಬೆಕ್ಕನ್ನು ಕಣ್ಣಾರೆ ನೋಡಿ ಕಾಗದದ ಮೇಲೆ ಬರೆಯಬೇಕು, ಆಮೇಲೆ ಅದನ್ನೇ ಬಟ್ಟೆಗಿಳಿಸಿ ಬಣ್ಣದ ದಾರದಿಂದ ತುಂಬಬೇಕು. ಹೇಳುವುದು ಸುಲಭ. ಬೆಕ್ಕಿಗೆ ಇಯತ್ತೆಯೂ ಗೊತ್ತಿಲ್ಲ, ಅಂಕವೂ ಗೊತ್ತಿಲ್ಲ. ರೇಣವ್ವ ಪೆನ್ಸಿಲ್ ಹಿಡಿದು ಕೂತಾಗಲೆಲ್ಲ ಅದು ಎದ್ದು ಹೋಗುತ್ತಿತ್ತು. ಕೊನೆಗೆ ಗಾಳೆವ್ವನೇ ಗಾಣದವರ ಮನೆಯ ಬೆಕ್ಕನ್ನು ಹಿಡಿದು ತಂದು ಮಡಿಲಲ್ಲಿ ಅವುಚಿಕೊಂಡು ಕೂತಳು. "ಲಗೂ ತೆಗಿಯ, ನನ್ನ ಜೀವ ಹೊಂಟೈತಿ" ಎನ್ನುತ್ತಿದ್ದಳು. ಚಿತ್ರ ಮುಗಿಯುವ ಹೊತ್ತಿಗೆ ಬೆಕ್ಕು ಅವಳ ಮುಂಗೈಗೆ ಉದ್ದಕ್ಕೆ ಗೀರು ಎಳೆದು ಗೋಡೆ ಹಾರಿತ್ತು. ಹಿಡಿದವಳು ಯಾವಾಗ ಕೈ ಬಿಟ್ಟಾಳು, ಎದುರಿಗೆ ಕೂತವಳು ಏನು ಮಾಡಿಯಾಳು ಎಂದು ಎರಡೂ ಕಡೆ ಕಣ್ಣಿಟ್ಟಿದ್ದ ಪ್ರಾಣಿ ಅದು. ರೇಣವ್ವ ಕಂಡದ್ದನ್ನು ಕಂಡ ಹಾಗೆ ಬರೆದಳು, ಬರೆದ ಹಾಗೆ ಹೊಲಿದಳು. ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ.

"ಬೆಕ್ಕಿಗೆ ಎಲ್ಲೆರ ಮೆಳ್ಳಗಣ್ಣು ಇರತೈತೇನ ಹುಡುಗಿ?" ಎಂದು ಅಕ್ಕೋರು ಅಂಕ ಕಡಿದರು.

"ನಾ ಕಂಡಾಗ ಹಂಗ ಇತ್ರಿ" ಎಂದಳು ರೇಣವ್ವ. ಆ ಮಾತಿಗೂ ಒಂದಿಷ್ಟು ಅಂಕ ಹೋದವು.

ಗಾಳೆವ್ವನ ಬೆಕ್ಕಿನ ಪಾಡು ಇನ್ನೂ ಕೆಟ್ಟದ್ದು. ಅವಳು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೈಮರೆತು ಹೊಲಿದು, ಬೆಕ್ಕನ್ನು ತನ್ನ ಲಂಗಕ್ಕೇ ಸೇರಿಸಿಬಿಟ್ಟಿದ್ದಳು. ಅಕ್ಕೋರು ಕತ್ತರಿ ಆಡಿಸಿದಾಗ ಬೆಕ್ಕಿನ ಹಿಂದಿನ ಅರ್ಧ ಲಂಗದಲ್ಲೇ ಉಳಿಯಿತು. ಮುಂದಿನ ಅರ್ಧ ಗಾಳೆವ್ವನ ಮನೆಯಲ್ಲಿ ಕಂದೀಲಿನ ಗಾಜು ಒರೆಸಲು ಹೋಯಿತು.

ನೀಲಪ್ಪನಿಗೆ ಮಗಳ ಮೇಲೆ ಹುಚ್ಚು ಅಕ್ಕರೆ. ಅಂಕ ಎಷ್ಟೇ ಬರಲಿ, ಬೆಕ್ಕಿಗೆ ಕಟ್ಟು ಹಾಕಿಸಿಯೇ ತೀರುತ್ತೇನೆಂದು ಉಸ್ಮಾನಸಾಬನ ಅಂಗಡಿಗೆ ಹೋದ. ಉಸ್ಮಾನಸಾಬ ದೇವರ ಪಟಗಳಿಗೆ ಕಟ್ಟು ಹಾಕುವವನು. ಯಾರೋ ಮಾಡಿಸಿ ಬಿಟ್ಟುಹೋದ ಬಂಗಾರದ ಬಣ್ಣದ ಕಟ್ಟು ಅವನಲ್ಲಿತ್ತು. ಅದರಲ್ಲಿ ಬೆಕ್ಕನ್ನು ಕೂರಿಸಿ ಗಾಜು ಹಾಕಿಕೊಟ್ಟ. ಪಡಸಾಲೆಯ ಗೋಡೆಯ ಮೇಲೆ ಅದು ಥೇಟ್ ದೇವರ ಹಾಗೆ ಹೊಳೆಯಿತು. ರೇಣವ್ವನ ಅಜ್ಜಿ ಕಳಕವ್ವನಿಗೆ ಕಣ್ಣು ಮಂದ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಗಾಜಿಗೆ ಕುಂಕುಮ ಹಚ್ಚಿ ಕೈಮುಗಿದು, "ಯಾವ ದೇವರಪ್ಪಾ ಇದು, ಮೀಸಿ ಭಾಳ ಉದ್ದ ಅದಾವು" ಎಂದಳಂತೆ. ಬೆಕ್ಕೆಂದು ತಿಳಿದ ಮೇಲೆ ಮನೆಯಲ್ಲಿ ರಂಪವೋ ರಂಪ. ಆದರೆ ಅದೇ ವಾರ ರೇಣವ್ವನ ಅಕ್ಕನನ್ನು ನೋಡಲು ಬಂದವರು ಆ ಗೋಡೆಯ ಕೆಳಗೇ ಕೂತು ಅವಲಕ್ಕಿ ತಿಂದು, ಹೂಂ ಎಂದು ಎದ್ದುಹೋದರು. ಅಜ್ಜಿ ಬಾಯಿ ಮುಚ್ಚಿದಳು. ಬೆಕ್ಕಿನ ಕಾಲ್ಗುಣ ಒಳ್ಳೆಯದು ಎಂದು ಓಣಿಯೇ ಆಡಿಕೊಂಡಿತು.

ಅಲ್ಲಿಂದ ಬೆಕ್ಕಿಗೆ ಪುರಸೊತ್ತಿಲ್ಲ. ಯಾರ ಮನೆಗೆ ಕನ್ಯೆ ನೋಡಲು ಬಂದರೂ ಹಿಂದಿನ ಸಂಜೆ ಒಬ್ಬರು ಬಂದು, "ನಿಮ್ಮ ಬೆಕ್ಕು ಒಂದ ದಿನ ಕೊಡ್ರಿ" ಎಂದು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುವರು. ಬಂದ ಬೀಗರಿಗೆ "ನಮ್ಮ ಹುಡುಗಿ ಹೊಲದದ್ದು" ಎಂದು ತೋರಿಸುವರು. ಮಂದಿಯ ಕೆಲಸವನ್ನು ತಮ್ಮದೆಂದು ತೋರಿಸಬಾರದೆಂದು ಅಕ್ಕೋರು ಹುಡುಕಿ ತಂದ ಪ್ರಾಣಿ ಊರಿನಲ್ಲೇ ಅತಿ ಹೆಚ್ಚು ಇಸಗೊಂಡ ಸಾಮಾನಾಯಿತು. ಗಾಳೆವ್ವನ ಮದುವೆಯೂ ಅದರ ಕೆಳಗೇ ನಿಕ್ಕಿಯಾಯಿತು. ಸೂಡಿಯ ಕರೆವ್ವ ಎಂಬ ಹೆಣ್ಣುಮಗಳು ಹಿರೀ ಮಗನಿಗೆಂದು ನೋಡಲು ಬಂದು, ಗಾಳೆವ್ವನಿಗಿಂತ ಹೆಚ್ಚು ಹೊತ್ತು ಬೆಕ್ಕನ್ನೇ ನೋಡಿ ಒಪ್ಪಿದ್ದಳು.

ಒಬ್ಬೊಬ್ಬರ ಮನೆಯಲ್ಲೂ 'ನಮ್ಮ ಹುಡುಗಿ ಹೊಲದದ್ದು' ಎಂಬ ಮಾತು ಕೇಳಿದಾಗ ರೇಣವ್ವನ ಹೊಟ್ಟೆ ಉರಿಯುತ್ತಿತ್ತು. ಅದು ನನ್ನದು ಎಂದು ಒಂದು ಸಲ, ಒಂದೇ ಸಲ, ನಾಲ್ಕು ಜನರ ಮುಂದೆ ಹೇಳಬೇಕೆಂಬ ಆಸೆ ಅವಳಿಗೆ. ಹೇಳಲು ಅವಳದೇ ಕನ್ಯೆ ನೋಡುವ ದಿನ ಬರಬೇಕಿತ್ತು. ಬಂತು ಕೂಡ. ಆದರೆ ಅವತ್ತು ಬೆಕ್ಕು ಬೇರೆ ಓಣಿಗೆ ಹೋಗಿತ್ತು. ಬಂದವರು ಖಾಲಿ ಮೊಳೆ ನೋಡಿಕೊಂಡು ಹೋದರು. ಇನ್ನೊಂದು ಸಲ ಬೆಕ್ಕು ಮನೆಯಲ್ಲೇ ಇತ್ತು. ಬಂದವರು, ಬೆಕ್ಕಿಗೇ ಮೆಳ್ಳಗಣ್ಣು ಹಾಕಿದವಳ ಕಣ್ಣು ನೆಟ್ಟಗಿವೆಯೇ ಎಂದು ಅವಳನ್ನು ಬೆಳಕಿಗೆ ನಿಲ್ಲಿಸಿ ನೋಡಿದರು. ಅಜ್ಜಿಗೆ ಸಿಟ್ಟು ನೆತ್ತಿಗೇರಿತು.

"ಮಂದಿ ಮಕ್ಕಳಿಗೆಲ್ಲ ಗಂಡನ್ನ ತಂದುಕೊಟ್ಟು ನಮ್ಮ ಕೂಸಿನ ಮ್ಯಾಲ ಕಣ್ಣು ಬಿಡತೈತಿ ಇದು" ಎಂದು ಬೆಕ್ಕನ್ನು ಟ್ರಂಕಿನೊಳಗೆ ಹಾಕಿ ಕೀಲಿ ಜಡಿದಳು.

ಅತ್ತ ಸೂಡಿಯಲ್ಲಿ ಗಾಳೆವ್ವನಿಗೆ ಬೇರೆಯೇ ಸಂಕಟ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಕೇಳಿದ್ದಳು, ಬೆಕ್ಕೆಲ್ಲಿ ಎಂದು. ತವರಿನ ಗೋಡೆಯ ಬೆಕ್ಕನ್ನು ಕೀಳಬಾರದೆಂದು ಗಾಳೆವ್ವ ಹೇಗೋ ಜಾರಿಕೊಂಡಳು. ಹಾಗಾದರೆ ಇಲ್ಲಿ ಹೊಸದೊಂದು ಹೊಲಿ ಎಂದಳು ಕರೆವ್ವ. ಹಸಿರು ದಾರ ಸಿಗಲಿಲ್ಲ, ಸೂಜಿ ಮೊಂಡು, ಶ್ರಾವಣದಲ್ಲಿ ಬೆಕ್ಕು ಹೊಲಿಯಬಾರದು, ಹೀಗೆ ವರ್ಷ ಕಳೆಯಿತು. ನೆವಗಳೆಲ್ಲ ಮುಗಿದಾಗ ಅವಳು ಅತ್ತೆಯ ಕಿವಿಯಲ್ಲಿ ಒಂದು ಮಾತು ಹಾಕಿದಳು. ಮೈದುನ ಕನಕಪ್ಪನಿಗೆ ನಮ್ಮೂರಲ್ಲೊಂದು ಹುಡುಗಿ ಇದೆ, ನನ್ನ ಗೆಳತಿ, ನೋಡೋಣ ಎಂದು.

ನೋಡಲು ಬರುವ ದಿನ ಗೊತ್ತಾಯಿತು. ಉಸ್ಮಾನಸಾಬ ಪಟ ಮಾರಲು ಸೂಡಿಗೆ ಹೋದವನು ತಿರುಗಿ ಬಂದು ನೀಲಪ್ಪನ ಬಾಗಿಲಲ್ಲಿ ನಿಂತು, "ಗಾಳೆವ್ವ ಹೇಳಿ ಕಳಿಸ್ಯಾಳ್ರಿ. ಅವರು ಬರೂಕಿಂತ ಮೊದಲ ಬೆಕ್ಕು ತೆಗೀರಿ ಅಂತ" ಎಂದ.

ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಬೆಕ್ಕು ಟ್ರಂಕಿನಲ್ಲಿದೆ, ಅದನ್ನು ತೆಗೆಯಲು ಹೇಳಿದ್ದಾಳೆ. ಎಷ್ಟು ಒಳ್ಳೆಯ ಹುಡುಗಿ ಎಂದು ಅಜ್ಜಿ ಕೀಲಿ ತೆರೆದಳು. ಬೆಕ್ಕನ್ನು ತೆಗೆದರು, ಒರೆಸಿದರು, ಹಳೆಯ ಮೊಳೆಗೇ ತೂಗುಹಾಕಿದರು.

ಸೂಡಿಯವರು ಬಂದರು. ಕರೆವ್ವ, ಕನಕಪ್ಪ, ಹಿಂದೆ ಗಾಳೆವ್ವ. ಪಡಸಾಲೆಗೆ ಕಾಲಿಟ್ಟದ್ದೇ ಗಾಳೆವ್ವ ಗೋಡೆ ನೋಡಿ ನಿಂತಲ್ಲೇ ನಿಂತಳು. ಕನಕಪ್ಪನೂ ಗೋಡೆ ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ. ಹೀಯಾಳಿಸುವ ನಗುವಲ್ಲ, ಮಕ್ಕಳು ನಗುವ ಹಾಗಿನ ನಗು.

"ಇದು ಎಲ್ಲಿ ನೋಡಾಕತ್ತೈತಿ?" ಎಂದು ಕೇಳಿದ.

ಬಾಗಿಲ ಹಿಂದೆ ಅವಲಕ್ಕಿಯ ತಾಟು ಹಿಡಿದು ನಿಂತಿದ್ದ ರೇಣವ್ವನಿಗೆ ಆ ಪ್ರಶ್ನೆ ಹಿಡಿಸಿತು. ಇಷ್ಟು ವರ್ಷದಲ್ಲಿ ಆ ಬೆಕ್ಕು ಯಾರದು, ಕಟ್ಟಿಗೆಷ್ಟಾಯಿತು ಎಂದು ಕೇಳಿದವರಿದ್ದರು. ಅದು ಎಲ್ಲಿ ನೋಡುತ್ತಿದೆ ಎಂದು ಕೇಳಿದವನು ಇವನೊಬ್ಬನೇ. ಇವನ ಮನೆಗೇ ಹೋಗಬೇಕೆಂದು ಅವಳಿಗೆ ಅಲ್ಲೇ ಅನಿಸಿಬಿಟ್ಟಿತು. ತಾಟು ತಂದು ಕರೆವ್ವನ ಮುಂದಿಟ್ಟಳು.

ಕರೆವ್ವ ತಾಟು ಮುಟ್ಟಲಿಲ್ಲ. "ಏನ ಗಾಳೆವ್ವಾ, ಇದು ನಿನ್ನ ಬೆಕ್ಕಲ್ಲೇನ? ನಿನ್ನ ತವರಮನಿ ಗ್ವಾಡಿ ಮ್ಯಾಲ ಇದ್ದದ್ದು?"

ಗಾಳೆವ್ವ ನೆಲ ನೋಡಿದಳು.

"ಹೌದ್ರಿ ಯಜಮಾನ್ರ," ಕರೆವ್ವ ನೀಲಪ್ಪನ ಕಡೆ ತಿರುಗಿದಳು, "ನಿಮ್ಮ ಹುಡುಗಿಗೆ ಹೊಲಿಗಿ ಬರದಿದ್ರ ಬರೂದಿಲ್ಲ ಅನ್ರಿ, ತಪ್ಪೇನಿಲ್ಲ. ನನ್ನ ಸೊಸಿ ಬೆಕ್ಕು ತಂದು ನನಗ ತೋರಸೂದು ಯಾಕ?" ಎಂದು ತಾಟನ್ನು ಆಚೆ ಸರಿಸಿದಳು.

ನೀಲಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಒಳಗಿನಿಂದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಎದ್ದ ಸದ್ದಾಯಿತು. ರೇಣವ್ವನಿಗೆ ಗೊತ್ತಿತ್ತು, ಈಗ ಬೇಕಾದದ್ದು ಒಂದೇ ಮಾತು. ನಂದು. ಇಷ್ಟು ವರ್ಷ ನುಂಗಿಕೊಂಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಅಪ್ಪನ ಮಾನ ಉಳಿಯುತ್ತದೆ, ಕನಕಪ್ಪನೂ ಸಿಗಬಹುದು. ಆದರೆ ಸುಳ್ಳು ಬೆಕ್ಕು ತೋರಿಸಿ ಮನೆ ಸೇರಿದವಳೆಂದು ಗಾಳೆವ್ವ ಜೀವನವಿಡೀ ಈ ಅತ್ತೆಯ ಬಾಯಲ್ಲಿ ಬೀಳುತ್ತಾಳೆ. ಹೇಳದಿದ್ದರೆ ಈ ಮನೆಯೇ ಕದ್ದವರ ಮನೆಯಾಗುತ್ತದೆ. ರೇಣವ್ವ ಗೆಳತಿಯ ಕಡೆ ನೋಡಿದಳು. ಗಾಳೆವ್ವ ಎಡಗೈ ಬಳೆಗಳನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸುತ್ತಿದ್ದಳು. ಬಳೆಗಳ ಕೆಳಗೆ ಬೆಕ್ಕು ಎಳೆದಿದ್ದ ಗೀರು ಬಿಳಿಯಾಗಿ ಕಂಡಿತು.

"ಬೆಕ್ಕು ಗಾಳೆವ್ವಂದೂ ಹೌದ್ರಿ, ನಂದೂ ಹೌದ್ರಿ" ಎಂದಳು ರೇಣವ್ವ. "ಬೆಕ್ಕು ತೆಗಿಯಾಕ ಇಬ್ಬರು ಬೇಕಾಗತಾರ. ಆಕಿ ಹಿಡದ್ಲು, ನಾ ತೆಗದು ಹೊಲದೆ. ನಂಬಿಕಿ ಇಲ್ಲಂದ್ರ ಆಕಿ ಮುಂಗೈ ನೋಡ್ರಿ."

ಗಾಳೆವ್ವ ಬಳೆ ಮೇಲೇರಿಸಿ ಕೈಯನ್ನು ಅತ್ತೆಯ ಮೂಗಿನ ತನಕ ಒಯ್ದಳು. ರೇಣವ್ವ ಕನಕಪ್ಪನನ್ನು ನೇರವಾಗಿ ನೋಡದೆ ಗೋಡೆಗೆ ಹೇಳಿದಂತೆ ಹೇಳಿದಳು. "ಎಲ್ಲಿ ನೋಡತೈತಿ ಅಂತ ಕೇಳಿದ್ರಲ್ಲ. ಒಂದ ಕಣ್ಣು ಹಿಡದಾಕಿ ಕಡೆ, ಒಂದ ಕಣ್ಣು ತೆಗದಾಕಿ ಕಡೆ."

ಕರೆವ್ವ ಗೀರನ್ನು ಬೆರಳಿನಿಂದ ಸವರಿ ನೋಡಿದಳು. ಗೋಡೆ ನೋಡಿದಳು. ಮತ್ತೆ ಸೊಸೆಯನ್ನು ನೋಡಿದಳು. "ಅದಕ್ಕೇನ, ವರ್ಷದಿಂದ ಒಂದು ಬೆಕ್ಕು ಆಗಲಿಲ್ಲ ನಿನಗ?"

"ಹಿಡ್ಯಾಕ ನಾ ಅದೀನ್ರಿ ಅತ್ತಿ" ಎಂದಳು ಗಾಳೆವ್ವ. "ಹೊಲ್ಯಾಕ ಯಾರೂ ಇದ್ದಿದ್ದಿಲ್ಲ."

"ಮೊದಲ ಹೇಳೂದಲ್ಲ ಇದನ್ನ" ಎಂದು ಕರೆವ್ವ ಸರಿಸಿದ್ದ ತಾಟನ್ನು ಹತ್ತಿರ ಎಳೆದುಕೊಂಡಳು. ಕನಕಪ್ಪನ ತಾಟು ಆಗಲೇ ಖಾಲಿಯಾಗಿತ್ತು.

ಹಿತ್ತಲಲ್ಲಿ ಕೈತೊಳೆಯುವಾಗ ಗಾಳೆವ್ವ ರೇಣವ್ವನ ತೋಳು ಚಿವುಟಿದಳು. "ಬೆಕ್ಕು ತೆಗೀರಿ ಅಂತ ಹೇಳಿ ಕಳಿಸಿದ್ದಿಲ್ಲೇನ ನಾನು?"

"ತಗದೇವಲ್ಲ, ಟ್ರಂಕಿನಿಂದ."

ಗಾಳೆವ್ವ ಹಣೆ ಬಡಿದುಕೊಂಡಳು. ರೇಣವ್ವ ಅವಳ ಕೈಗೆ ನೀರು ಹಾಕುತ್ತ, "ನನ್ನ ಮ್ಯಾಲಿನ ಪ್ರೀತಿಗೆ ಈ ಸಂಬಂಧ ಹೇಳಿದಿ ಅಂದ್ಕೊಂಡಿದ್ದೆ" ಎಂದಳು.

"ಪ್ರೀತಿನೂ ಐತಿ. ಆದ್ರ ಅತ್ತಿ ಬೆಕ್ಕು ಕೇಳದಿದ್ರ ಇಷ್ಟು ಲಗೂ ನೆನಪಾಗತಿದ್ದಿಲ್ಲ" ಎಂದಳು ಗಾಳೆವ್ವ. ಇಬ್ಬರೂ ನೀರಿನ ಹಂಡೆ ಹಿಡಿದುಕೊಂಡು ನಕ್ಕರು.

ಮದುವೆಯಾಯಿತು. ಅರಿಸಿನದ ಬಣ್ಣ ಇನ್ನೂ ಕೈಯಲ್ಲಿರುವಾಗಲೇ ಕರೆವ್ವ ಸೊಸೆಯಂದಿರಿಬ್ಬರನ್ನೂ ಬೆಕ್ಕಿಗೆ ಕೂರಿಸಿದಳು. ಗಾಳೆವ್ವ ಹಿಡಿದಳು, ರೇಣವ್ವ ತೆಗೆದಳು. ಯಾರಾದರೂ ಬಂದರೆ ಗಾಳೆವ್ವ ಬಳೆ ಸರಿಸಿ ಹಳೆಯ ಗೀರನ್ನು ತೋರಿಸುವಳು. ಅವಳ ಮಾತಿನಲ್ಲಿ ಗಾಣದವರ ಬೆಕ್ಕು ದಿನೇ ದಿನೇ ಬೆಳೆದು ಚಿರತೆಯ ಸಮೀಪ ಬಂದಿತ್ತು. ರೇಣವ್ವ ಬಾಯಿ ತೆರೆಯಲು ಹೋಗಿ ಮುಚ್ಚುವಳು. ಹೊಟ್ಟೆ ಮೊದಲಿನಷ್ಟು ಉರಿಯುತ್ತಿರಲಿಲ್ಲ.

ಹೊಸ ಬೆಕ್ಕು ಮುಗಿದಾಗ ಕರೆವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಎರಡು ಕಣ್ಣೂ ನೆಟ್ಟಗೆ ಒಂದೇ ಕಡೆ ನೋಡುತ್ತಿದ್ದವು. ಚಿತ್ರ ತೆಗೆಯುವಾಗಲೆಲ್ಲ ಕನಕಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದನಲ್ಲ, ಆ ಕಡೆ.

"ಇದೇನ ಇದು, ಹಿಂಗ ನೆಟ್ಟಗ ನೋಡತೈತಿ" ಎಂದಳು ಕರೆವ್ವ. "ಇದು ನಮ್ಮನಿ ಬೆಕ್ಕು ಅಂದ್ರ ಯಾರು ನಂಬ್ಯಾರು? ಒಂದ ಕಣ್ಣು ತೆಗಿ."

ರೇಣವ್ವ ಒಂದು ಕಣ್ಣನ್ನು ಬಿಚ್ಚಿ, ಗಾಳೆವ್ವನ ಕಡೆ ತಿರುಗಿಸಿ ಹೊಲಿದಳು.