ಒಲೆಯಮ್ಮನಿಗೆ ಹಿಡಿಸದ ಹಾಡು

ಬೆಳಕು ಹರಿಯುವ ಮುಂಚೆಯೇ ಒಲೆಯಮ್ಮ ಹಾಡಿನ ಕಂಪನಿಯ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾರೆ. ಬೀಗ ತೆಗೆದು, ದೀಪ ಹಾಕುವ ಮೊದಲು ಮೂಗರಳಿಸಿ ಗಾಳಿ ಹೀರುತ್ತಾರೆ. ಕಪಾಟುಗಳ ತುಂಬ ಹಳೆಯ ಹಾಡಿನ ಟೇಪುಗಳು. ಯಾವುದಾದರೂ ಕೆಡತೊಡಗಿದರೆ ವಾಸನೆಯೇ ಮೊದಲು ಚಾಡಿ ಹೇಳುತ್ತದೆ. ಇವತ್ತು ಸಣ್ಣಗೆ ಹುಳಿ ಹುಳಿ. ನೆಲ ಒರೆಸುವ ಬಟ್ಟೆಯದಿರಬೇಕು ಎಂದುಕೊಂಡು ಟ್ಯೂಬ್‌ಲೈಟಿನ ಸ್ವಿಚ್ ಒತ್ತುತ್ತಾರೆ. ಅದು ಕಣ್ಣು ಮಿಟುಕಿಸಿ ಮಿಟುಕಿಸಿ, ಅರೆಮನಸ್ಸಿನಿಂದ ಹತ್ತಿಕೊಳ್ಳುತ್ತದೆ.

ಮೂಲೆಯಲ್ಲಿರುವ ಒಲೆ ಅಡುಗೆಯದಲ್ಲ; ಕರೆಂಟಿನಲ್ಲಿ ಕಾಯುವ, ಗಾಜಿನ ಬಾಗಿಲಿನ ಸ್ಟೀಲ್ ಪೆಟ್ಟಿಗೆ. ವರ್ಷಗಟ್ಟಲೆ ತೇವ ಕುಡಿದ ಟೇಪು ಅಂಟಂಟಾಗುತ್ತದೆ. ಹಾಗೇ ಮೆಷಿನ್ನಿಗೆ ಹಾಕಿದರೆ ಕಂದು ಪುಡಿಯಾಗಿ ಉದುರುತ್ತದೆ, ಪುಡಿಯ ಜತೆ ಹಾಡೂ ಹೋಗುತ್ತದೆ. ಹದವಾದ ಕಾವಿನಲ್ಲಿ ಇಟ್ಟರೆ ಅಂಟು ಬಿಟ್ಟು, ಕೆಲವು ವಾರಗಳ ಮಟ್ಟಿಗೆ ಹಾಡು ಉಸಿರಾಡುತ್ತದೆ. ಅಷ್ಟರಲ್ಲಿ ನಕಲು ತೆಗೆದುಕೊಳ್ಳಬೇಕು. ಇದೇ ಅವರ ಕೆಲಸ. ಕಂಪನಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ.

ಇವತ್ತು ಒಲೆಗೆ ಹೋಗಬೇಕಿರುವುದು ಜನ ತಲೆಮಾರುಗಳಿಂದ ಹೊತ್ತು ಮೆರೆಸುತ್ತಿರುವ ಆ ಪಾಪ್ ಆಲ್ಬಮ್‌ನ ಮೂಲ ಟೇಪು, ಎರಡನೇ ಭಾಗ. ಇಂಥದ್ದು ಇನ್ನೊಂದಿಲ್ಲ. ಹೊಸ ಆವೃತ್ತಿಯ ಪೋಸ್ಟರು ಆಗಲೇ ಬೀದಿಬೀದಿಯಲ್ಲಿದೆ. ಅದರ ಚಿನ್ನದ ಬಣ್ಣದ ಡಬ್ಬಿಯ ಮೇಲೆ ಗಾಯಕನ ಹೆಸರು, ಫೋಟೋ ತೆಗೆದವನ ಹೆಸರು, ಕಂಪನಿಯ ವಕೀಲನ ಹೆಸರು ಕೂಡ ಉಂಟು. ಒಲೆಯಮ್ಮನದಿಲ್ಲ. ಆದರೆ ಟೇಪು ಕೆಟ್ಟರೆ ಕಂಪನಿ ಯಾರನ್ನು ಹುಡುಕಿಕೊಂಡು ಮೆಟ್ಟಿಲಿಳಿದು ಬರುತ್ತದೆ? ಹೊಗಳಿಕೆ ಮೇಲಿನ ಮಹಡಿಗೆ, ತಪ್ಪು ನೆಲಮಾಳಿಗೆಗೆ. ಗುತ್ತಿಗೆಯ ಮೇಲಿರುವವರನ್ನು ಮನೆಗೆ ಕಳಿಸಲು ಒಂದು ಮಾತು ಸಾಕು.

ಸುರುಳಿಯ ಹೊರಸುತ್ತನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರಿಬಂದರೆ ಅದು ತೀರಾ ಹಳೆಯ ಬಗೆಯ ಟೇಪು. ಕಾವು ತಗುಲಿದರೆ ಸುರುಟಿಕೊಂಡು ಮುರಿಯುತ್ತದೆ. ಇದು ಬೆಳಕು ಬಿಡುವುದಿಲ್ಲ. ಸರಿ, ಒಳಗಿಟ್ಟು ಒಲೆ ಹಾಕುತ್ತಾರೆ. “ಹೋಗಪ್ಪಾ ಮಹಾನುಭಾವ, ಸ್ವಲ್ಪ ಬೆವರು.”

ಅಷ್ಟರಲ್ಲಿ ಚಹಾದ ಫ್ಲಾಸ್ಕು ಹಿಡಿದು ಒಲೆಯಮ್ಮನ ತಮ್ಮ ಬರುತ್ತಾನೆ. ಅದೇ ಕಂಪನಿಯ ವ್ಯಾನ್ ಡ್ರೈವರ್. ನಿನ್ನೆ ಸಂಜೆ ಟೇಪನ್ನು ಗೋದಾಮಿನಿಂದ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದವನು.

“ಅಕ್ಕಾ, ದೇವರು ಒಳಗೆ ಹೋದ್ನಾ?”

“ದೇವರಂತೆ! ಮೂರನೇ ಹಾಡಿಗೆ ನಿದ್ದೆ ಬರಿಸೋ ದೇವರು.”

“ನಿನಗೆ ಕಿವಿ ಇರೋದು ಓಲೆ ನೇತುಹಾಕೋಕೆ ಮಾತ್ರ.”

“ನಿನಗೆ ತಲೆ ಇದ್ದಿದ್ದು ಬಾಚಿಕೊಳ್ಳೋಕೆ. ಈಗ ಅದಕ್ಕೂ ಕೆಲಸ ಇಲ್ಲ.”

ಈ ಜಗಳ ಅವರಿಬ್ಬರ ಹರೆಯದಷ್ಟೇ ಹಳೆಯದು. ಒಂದೇ ಕೋಣೆಯ ಮನೆಯಲ್ಲಿ ತಮ್ಮ ಹಗಲೂ ರಾತ್ರಿ ಇದೇ ರೆಕಾರ್ಡು ತಿರುಗಿಸುತ್ತಿದ್ದ; ಅಕ್ಕ ಅದನ್ನು ಕೇಳುತ್ತಲೇ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. “ಹಸಿದವರ ಕಷ್ಟ ಹಾಡಿದಾನೆ ಅಂತಾರೆ,” ಒಲೆಯಮ್ಮನ ದನಿ ಏರುತ್ತದೆ. “ಹಸಿದೋರು ಅಷ್ಟು ನಿಧಾನಕ್ಕೆ ಹಾಡ್ತಾರೇನೋ? ಅವನದು ಊಟ ಆದಮೇಲಿನ ದುಃಖ.”

“ಎಲ್ಲಾ ಬಿಡು. ಕೊನೇ ಹಾಡಿಗೆ ಮುಂಚಿಂದು? ಹೆಸರು ಬರೋಕೆ ಎಷ್ಟೋ ವರ್ಷ ಮುಂಚೆ ಬಾಡಿಗೆ ಕೋಣೇಲಿ ಹಾಡಿಕೊಂಡಿದ್ದು ಅದು. ಸ್ಟುಡಿಯೋದಲ್ಲಿ ಮತ್ತೆ ಹಾಗೆ ಬರಲೇ ಇಲ್ಲ ಅಂತ ಆ ಹಳೇ ಟೇಪನ್ನೇ ತಂದು ಅಂಟಿಸಿಬಿಟ್ರು. ಅದಕ್ಕೇನಂತೀಯಾ?”

ಒಲೆಯಮ್ಮ ತಟ್ಟನೆ ಒಲೆಯ ಕಡೆ ತಿರುಗುತ್ತಾರೆ. ಲೋಟದ ಚಹಾ ಸೆರಗಿನ ಮೇಲೆ ತುಳುಕುತ್ತದೆ.

“ಅಂಟಿಸಿದ್ರಾ? ಈ ಸುರುಳೀಲಾ?”

“ಹೂಂ. ಯಾಕಕ್ಕಾ?”

ಹುಳಿ ವಾಸನೆ. ಅದು ಒರೆಸುವ ಬಟ್ಟೆಯದಲ್ಲ. ಹಳೆಯ ಬಗೆಯ ಟೇಪು ಮುಪ್ಪಾದಾಗ ಬಿಡುವ ವಾಸನೆ.

ಒಲೆ ಆರಿಸುತ್ತಾರೆ. ಆದರೆ ಬಾಗಿಲು ತೆರೆಯುವಂತಿಲ್ಲ. ಬಿಸಿಯ ಮೇಲೆ ತಣ್ಣನೆ ಗಾಳಿ ಬಡಿದರೆ ಇನ್ನೂ ಕೇಡು. ಇಬ್ಬರೂ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ತಲೆಯ ಮೇಲೆ ಮ್ಯಾನೇಜರನ ಬೂಟು ಟಕಟಕ ಎನ್ನುತ್ತಾ ಮೆಟ್ಟಿಲವರೆಗೆ ಬಂದು ನಿಲ್ಲುತ್ತದೆ. ಒಲೆಯಮ್ಮ ಮೆಟ್ಟಿಲತ್ತ ಕಿವಿಗೊಡುತ್ತಾರೆ. ಬೂಟು ಹಿಂದಕ್ಕೆ ಹೋಗುತ್ತದೆ.

“ಬೇಕಂತಲೇ ಸುಟ್ಟಳು ಅಂತಾರೆ ಕಣೋ,” ಪಿಸುಗುಟ್ಟುತ್ತಾರೆ. “ಈ ಹಾಡು ಕಂಡ್ರೆ ನಂಗಾಗಲ್ಲ ಅಂತ ಇಡೀ ಆಫೀಸಿಗೆ ಗೊತ್ತು.”

“ಲೈಟು ಮಂಕು ಅಂತ ಹೇಳಕ್ಕಾ. ಹೊಸ ಲೈಟು ಬೇಕು ಅಂತ ಕೇಳಿ ಕೇಳಿ ನಿನಗೆ ಸಾಕಾಗಿಲ್ವಾ?”

“ಲೈಟೂ ಮಂಕಾಗಿತ್ತು, ನಿಜ. ಆದ್ರೆ ನಂಗಿಷ್ಟದ ಹಾಡಾಗಿದ್ರೆ ಇಡೀ ಸುರುಳಿ ಎತ್ತಿ ಕಣ್ಣಿಗೆ ಹಿಡಿದು ನೋಡ್ತಿದ್ದೆ. ಹೊರಗಿನ ಸುತ್ತು ನೋಡಿ ಕೈ ತೊಳ್ಕೊಂಡೆ.”

ಗಾಜು ತಣ್ಣಗಾದ ಮೇಲೆ ಸುರುಳಿಯನ್ನು ಹೊರತೆಗೆದು ಕೈಯಲ್ಲೇ ತಿರುಗಿಸತೊಡಗುತ್ತಾರೆ. ಮೇಲಿರುವ ಕೊನೆಯ ಹಾಡಿನ ಅಂಟು ಪೂರ್ತಿ ಬಿಟ್ಟಿಲ್ಲ. ಪ್ರತಿ ಸುತ್ತೂ ಗಾಯದ ಪಟ್ಟಿ ಕಿತ್ತಂತೆ ಚರ್ ಎನ್ನುತ್ತದೆ. ತಮ್ಮ ಮುಖ ಮುಚ್ಚಿಕೊಳ್ಳುತ್ತಾನೆ. “ಮುಖ ಮುಚ್ಕೋಬೇಡ, ಟಾರ್ಚು ಹಿಡಿ.” ಕೊನೆಗೂ ಅಂಟಿಸಿದ ಜಾಗ ಬೆರಳಿಗೆ ತಡೆಯುತ್ತದೆ. ಅಲ್ಲಿಂದಾಚೆ ಟೇಪು ಜೇನಿನ ಬಣ್ಣ. ಟಾರ್ಚಿನ ಬೆಳಕು ಸಲೀಸಾಗಿ ತೂರಿಬರುತ್ತದೆ. ಅಂಚು ಒಣಗಿದ ಎಲೆಯ ಹಾಗೆ ತುಸು ಮುದುಡಿದೆ.

ಇಂಥ ಟೇಪಿಗೆ ಅಂಟಿನ ಕಾಯಿಲೆಯಿಲ್ಲ, ಕಾವು ಬೇಕಿಲ್ಲ. ಆ ತುಂಡನ್ನು ಬಿಡಿಸಿ ಹಾಡಿಸುವ ಮೆಷಿನ್ನಿಗೆ ಹಾಕಿ, ನಕಲಿನ ಮೆಷಿನ್ನನ್ನೂ ಜೋಡಿಸಿ, ತಿರುಗಿಸುತ್ತಾರೆ. ಟೇಪು ಮುರಿಯುವುದಿದ್ದರೆ ಈಗ, ತಿರುಗುವಾಗಲೇ ಮುರಿಯಬೇಕು.

ಈ ಹಾಡಿಗೆ ಮುಂಚೆ ಗಾಯಕ ಒಂದು ಉಸಿರೆಳೆಯುವುದುಂಟು. ಒಲೆಯಮ್ಮ ಹರೆಯವಿಡೀ ಅಣಕಿಸಿದ ಉಸಿರು: “ಅಂಗಡಿಯಿಂದ ಮೂಟೆ ಹೊತ್ಕೊಂಡು ಬಂದೋನ ಹಾಗೆ!” ಪ್ರೀತಿಸಿದವರಿಗಷ್ಟೇ ಅಲ್ಲ, ಬೈದವರಿಗೂ ಹಾಡು ಬಾಯಿಪಾಠವಾಗಿರುತ್ತದೆ. ಸುರುಳಿ ತಿರುಗುತ್ತದೆ. ಬರೀ ಸರಸರ ಸದ್ದು. ಇನ್ನೂ ಸರಸರ. ಒಲೆಯಮ್ಮ ಉಸಿರು ಬಿಗಿಹಿಡಿದು, ಅವನ ಉಸಿರಿಗಾಗಿ ಕಾಯುತ್ತಾರೆ.

ಬರುತ್ತದೆ. ಅದರ ಹಿಂದೆಯೇ ದನಿ, ಒಂದಿಷ್ಟೂ ಅಲುಗದೆ.

ಟೇಪು ಮುರಿಯದೆ ಹಾಡು ಮುಗಿಯುತ್ತದೆ. ಕಣ್ಣೊರೆಸಿಕೊಂಡು ತಮ್ಮ ಕೇಳುತ್ತಾನೆ: “ಈಗಲಾದ್ರೂ ಒಪ್ಕೋತೀಯಾ?”

“ಉಸಿರು ಚೆನ್ನಾಗಿದೆ. ಹಾಡು ಅಷ್ಟಕ್ಕಷ್ಟೇ.”

ಕಂಪನಿಯಿಂದ ಏನು ಬೇಕು ಎಂದರೆ ಒಲೆಯಮ್ಮ ಚಿನ್ನದ ಡಬ್ಬಿಯ ಮೇಲೆ ಹೆಸರು ಕೇಳುವುದಿಲ್ಲ. ಅದನ್ನು ಅವರ ಪರವಾಗಿ ನಾವು ಕೇಳಬೇಕು. ಅವರು ಟ್ಯೂಬ್‌ಲೈಟಿನತ್ತ ಗಲ್ಲ ಎತ್ತುತ್ತಾರೆ. “ಒಂದು ಒಳ್ಳೇ ಲೈಟು ಹಾಕಿಸಿಕೊಡಲಿ.” ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

“ನಂಗೆ ಹಿಡಿಸದೇ ಇರೋ ಹಾಡು ನನ್ನ ಕೈಲಿ ಸಾಯಬಾರದು. ಅಷ್ಟೇ.”