ನೀಲವ್ವನ ಬಲಗೈ

ಬೆಳಿಗ್ಗೆ ನಾಲ್ಕು ಕೊಡ ನೀರು ಸೇದಿದೆ. ಅಕ್ಕನ ಮೊಣಕಾಲಿಗೆ ಎಣ್ಣೆ ಕಾಸಿ ತಿಕ್ಕಿದೆ. ಹರಿದ ರವಿಕೆಗೆ ತೇಪೆ ಹಾಕಿದೆ. ಶಾಲೆಗೆ ಹೋಗಿ, ಹೊಸದಾಗಿ ಸೇರಿದ ಮೂವರು ಶಿಕ್ಷಕಿಯರಿಗೆ ಪಾಠ ಹೇಳಿದೆ. ಒಂದು ಸುಳ್ಳು ಹೇಳಿದೆ. ಬರುವಾಗ ಪೇಟೆಯಲ್ಲಿ ಬೆಲ್ಲ ಕೊಂಡೆ.

ಒಬ್ಬ ಹುಡುಗಿಯ ಬಲಗೈಯನ್ನು ನಾನು ಮುರಿಸಿದ್ದೇನೆ. ಹೊಡೆದವನು ಅವಳ ಅಪ್ಪ, ನಿಜ. ಆದರೆ ಅವನ ಮುಂದೆ ಆ ಕೈಯನ್ನು ಇಟ್ಟವಳು ನಾನು — ಮತ್ತು ಏಳು ವರ್ಷದಿಂದ ಹಾಗಲ್ಲವೆಂದು ಹೇಳಿಕೊಂಡು ಉಂಡಿದ್ದೇನೆ.

ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು ನಾನು. ಮೂವತ್ತು ದಾಟಿದ ಮೇಲೆ ಧಾರವಾಡಕ್ಕೆ ಹೋಗಿ ಶಿಕ್ಷಕಿಯ ತರಬೇತಿ ಪಡೆದೆ. ಮಕ್ಕಳಿಗೆ ಉದ್ಯೋಗದ ದಾರಿ ಹೇಳುವುದು ಹೇಗೆಂದು ಕಲಿಸುವ ಪುಸ್ತಕವೊಂದು ಅಲ್ಲಿತ್ತು. ಇಂಗ್ಲಿಷಿನಿಂದ ಯಾರೋ ಕನ್ನಡ ಮಾಡಿದ್ದನ್ನು ನಾವೆಲ್ಲ ಕೈಯಲ್ಲೇ ನಕಲು ಮಾಡಿಕೊಂಡಿದ್ದೆವು. ಮೊದಲ ಅರ್ಧ ತತ್ವ, ಉಳಿದರ್ಧ ಪ್ರಯೋಗ. ತತ್ವ ನನಗೆ ಬಾಯಿಪಾಠ. ಪ್ರಯೋಗಕ್ಕೆ ಒಂದು ನಿಯಮ: ವಿದ್ಯಾರ್ಥಿಯ ಜೊತೆ ಕುಳಿತು ಮಾತಾಡಬೇಕು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ವಹಿಯಲ್ಲಿ ಬರೆಯಬೇಕು, ಹೆಸರು ಬರೆಯಕೂಡದು. ಒಂದು ವರ್ಷ ನೌಕರಿ ಮಾಡಿ, ಆ ವಹಿಯನ್ನು ಒಪ್ಪಿಸಿದ ಮೇಲೇ ಸರ್ಟಿಫಿಕೇಟು. ಕಟ್ಟುಕಥೆ ಬರೆದದ್ದು ತಿಳಿದರೆ ನೌಕರಿಯೇ ಇಲ್ಲ.

ಆ ವರ್ಷ ನನ್ನನ್ನು ಯಲ್ಲಾಪುರದ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ನೀಲವ್ವ ಏಳನೇ ಇಯತ್ತೆ, ವಯಸ್ಸು ಹದಿನೈದು. ಅಪ್ಪ ವೀರಭದ್ರಪ್ಪ ಬನವಾಸಿ ಕಡೆಯವನು. ಕಾಡಿನಿಂದ ಮರದ ನಾಟ ಸಾಗಿಸಲು ಎಂಟು ಬಂಡಿ ಇಟ್ಟುಕೊಂಡು ಯಲ್ಲಾಪುರಕ್ಕೆ ಬಂದು ನೆಲೆಸಿದ್ದ. ಇಡೀ ಶಾಲೆಯಲ್ಲಿ ಆ ಕಡೆಯ ಮಾತು ಆಡುತ್ತಿದ್ದವಳು ನೀಲವ್ವ ಒಬ್ಬಳೇ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಪುಸ್ತಕ ಹೇಳಿದ ಪ್ರಶ್ನೆಯನ್ನೇ ಕೇಳಿದೆ — ನಿನ್ನ ಕೈಗೆ ಈಗಾಗಲೇ ಯಾವ ಕೆಲಸ ಬರುತ್ತದೆ?

"ಗಾಯಾ ಕಟ್ಟಾಕ ಬರತೈತ್ರಿ. ಅಪ್ಪ ಬಡದಾಗೆಲ್ಲಾ ಅವ್ವನ ತಲಿ ನಾನ ಕಟ್ಟೂದು. ಅರಿಶಿಣಾ ಒತ್ತಿ, ಹಳೇ ಸೀರಿ ಹರದು ಕಟ್ಟತೇನ್ರಿ. ರಗತ ಕಂಡ್ರ ನನಗ ತಲಿ ತಿರಗೂದಿಲ್ರಿ ಅಕ್ಕೋರ. ದವಾಖಾನ್ಯಾಗ ನರ್ಸ್ ಆಗಬೇಕಂತ ಐತಿ."

ನಾನು ಏನು ಮಾಡಬೇಕಿತ್ತು ಆಗ? ಲೇಖನಿ ಕೆಳಗಿಡಬೇಕಿತ್ತು — ನಿನ್ನ ಅವ್ವ ಈಗ ಹೇಗಿದ್ದಾಳೆ ಎಂದಾದರೂ... ಕೇಳಲಿಲ್ಲ. ಎಂಥ ಉತ್ತರ ಸಿಕ್ಕಿತೆಂದು ಹಿಗ್ಗಿ ಒಂದಕ್ಷರ ಬಿಡದೆ ಬರೆದುಕೊಂಡೆ. ಹೆಸರಿನ ಜಾಗದಲ್ಲಿ 'ಒಬ್ಬ ವಿದ್ಯಾರ್ಥಿನಿ' ಎಂದು ಹಾಕಿದೆ. ತಪಾಸಣೆಗೆ ಬಂದ ಸಾಹೇಬರು ಕೊನೆಯ ಪುಟದಲ್ಲಿ ಕೆಂಪು ಶಾಯಿಯಿಂದ 'ಉತ್ತಮ' ಎಂದು ಬರೆದರು. ಆ ಒಂದು ಶಬ್ದವನ್ನು ದಿನಕ್ಕೆ ಎಷ್ಟು ಸಲ ತೆರೆದು ನೋಡುತ್ತಿದ್ದೆನೋ.

ವರ್ಷದ ಕೊನೆಗೆ ಪಾಲಕರನ್ನು ಶಾಲೆಗೆ ಕರೆದು ನಮ್ಮ ಉದ್ಯೋಗ ಸಲಹೆಯ ವಿಷಯ ತಿಳಿಸಬೇಕಿತ್ತು. ಬಂದವರು ಮೂವರೇ: ವೀರಭದ್ರಪ್ಪ, ಲಾರಿ ನಡೆಸುವ ಇಮಾಮಸಾಬರು, ಒಬ್ಬ ಮುದಿ ಶಾನುಭೋಗರು. ನಾನು ತತ್ವ ಶುರುಮಾಡಿ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ.

"ಅಕ್ಕೋರ, ನಮ್ಮ ಎತ್ತಿಗೂ ಏನರ ಒಂದು ಕೆಲಸಾ ನೋಡ್ರಿ ನಿಮ್ಮ ಬುಕ್ಕಿನ್ಯಾಗ," ಎಂದ ವೀರಭದ್ರಪ್ಪ. "ಬರೇ ಬಂಡಿ ಎಳದು ಬ್ಯಾಸತ್ತಾವ."

ಶಾನುಭೋಗರು ಹೊಟ್ಟೆ ಹಿಡಿದು ನಕ್ಕರು. ಇಮಾಮಸಾಬರೂ ನಕ್ಕರು, ಆಮೇಲೆ ತಲೆ ತಗ್ಗಿಸಿದರು.

"ತನ್ನ ಸಂಸಾರಾನ ನಿಲ್ಲಲಿಲ್ಲ, ಊರ ಮಕ್ಕಳ ಬದುಕು ಹಚ್ಚಿಕೊಡತಾಳಂತ," ಎಂದು ಅವನು ಇನ್ನೊಂದು ಎಸೆದ.

ವಿಧವೆಗೆ ಆಡುವ ಮಾತು ನನಗೆ ಹೊಸದಲ್ಲ, ನುಂಗಬಹುದಿತ್ತು. ನುಂಗಲಿಲ್ಲ. ಪೆಟ್ಟಿಗೆಯಿಂದ ವಹಿ ತೆಗೆದೆ, ಕೆಂಪು ಶಾಯಿಯ ಪುಟ ತೋರಿಸಿದೆ, ನನ್ನ ಕೈಯಾರೆ — ಇದೇ ಆ ಗುಟ್ಟು — ನನ್ನ ಕೈಯಾರೆ ಅವನ ಕೈಗೆ ಕೊಟ್ಟೆ. "ಓದಿ ನೋಡಿ. ಸಾಹೇಬರೇ ಮೆಚ್ಚಿದ್ದು," ಎಂದೆ. ಹೆಸರಿಲ್ಲವಲ್ಲ ಎಂಬ ಧೈರ್ಯ.

ಅವನು ಬೆರಳಿಟ್ಟು, ತುಟಿ ಆಡಿಸುತ್ತ ಓದಿದ. ತನ್ನ ಮನೆಯ ಮಾತನ್ನು ಗುರುತಿಸಲು ಅವನಿಗೆ ಹೆಸರು ಬೇಕಿರಲಿಲ್ಲ. ಎರಡನೇ ಪುಟಕ್ಕೆ ಬೆರಳು ನಿಂತಿತು. ಪಡಸಾಲೆಯಲ್ಲಿದ್ದ ನೀಲವ್ವನನ್ನು ಕೂಗಿ ಕರೆದ.

ಬಂದಳು. ವಹಿ ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಅಕ್ಕೋರ, ಅದು ಪಾಠಕ್ಕಂತ ನೀವ ಹುಟ್ಟಿಸಿ ಬರದದ್ದ ಅಲ್ಲೇನ್ರಿ?"

ಹದಿನೈದರ ಹುಡುಗಿ ದಾರಿಯನ್ನು ತಾನೇ ತೆರೆದುಕೊಟ್ಟಿದ್ದಳು. ಹೌದು ಎಂದರೆ ಸಾಕಿತ್ತು. ಆದರೆ ಹೌದು ಎಂದರೆ ವಹಿ ಸುಳ್ಳಾಗುತ್ತದೆ, ಸರ್ಟಿಫಿಕೇಟು ಹೋಗುತ್ತದೆ, ನಾನು ಮತ್ತೆ ಅಣ್ಣನ ಮನೆಯ ಒಲೆಯ ಮುಂದೆ — ಇದೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ತಲೆಯಲ್ಲಿ ಹಾದುಹೋಯಿತು.

"ಅವಳು ಹೇಳಿದ್ದನ್ನೇ ಬರೆದಿದ್ದೇನೆ," ಎಂದೆ. "ಒಂದಕ್ಷರವೂ ನನ್ನದಲ್ಲ."

"ಯಾವ ಕೈಲೆ ಕಟ್ಟತೀ ಗಾಯಾ?" ಎಂದು ಅವನು ಕೇಳಿದ, ಮೆಲುದನಿಯಲ್ಲೇ. ಅವಳು ಬಲಗೈಯನ್ನು ಬೆನ್ನ ಹಿಂದೆ ಮಾಡಿದಳು. ಅದೇ ಅವನಿಗೆ ಉತ್ತರವಾಯಿತು. ಕೈಯನ್ನೆಳೆದು ಮೇಜಿನ ಮೇಲೆ, ತೆರೆದ ವಹಿಯ ಮೇಲೆಯೇ ಅದುಮಿ ಹಿಡಿದು, ಕಂಕುಳಲ್ಲಿದ್ದ ಬಾರಕೋಲಿನ ದಪ್ಪ ಹಿಡಿಯಿಂದ ಹೊಡೆದ. ಮೊದಲ ಏಟಿಗೆ ಹಸಿ ಕಬ್ಬು ಮುರಿದ ಸದ್ದು. ಎರಡನೆಯದಕ್ಕೆ ಚರ್ಮ ಒಡೆಯಿತು. ಮೂರನೆಯದಕ್ಕೆ ಅವಳು ಮೊಣಕಾಲೂರಿ ಕುಸಿದಳು. ಕೈಯನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಮತ್ತೂ ಹೊಡೆದ. ಶಾನುಭೋಗರು ಬಾಗಿಲಾಚೆ ಹೋಗಿದ್ದರು. ನಾನು ಮೇಜಿನಿಂದ ಒಂದು ಮೊಳ ದೂರದಲ್ಲಿದ್ದೆ, ಸೀಸದಕಡ್ಡಿ ಹಿಡಿದುಕೊಂಡು. ಹಿಂದಿನಿಂದ ಬಂದು ಅವನ ಕುತ್ತಿಗೆ ಬಳಸಿ ನೆಲಕ್ಕೆ ಕೆಡವಿದವರು ಇಮಾಮಸಾಬರು. "ಏನ್ ಮನಶಾನೋ ನೀನು, ಮಗಳದಾಳೋ," ಎನ್ನುತ್ತ ಅವನ ಮೇಲೆಯೇ ಕುಳಿತರು. ಕೆಳಗೆ ಬಿದ್ದವನು ಅವರ ಮುಂಗೈ ಕಚ್ಚಿ ಹರಿದ.

ನಾನು ಸೆರಗು ಹರಿದು ಅವಳ ಕೈ ಸುತ್ತಲು ಹೋದೆ. ಸುತ್ತಲು ಬರಲಿಲ್ಲ. "ಬಿಗಿ ಬ್ಯಾಡ್ರಿ," ಎಂದಳು ನೀಲವ್ವ, ಹಲ್ಲು ಕಚ್ಚಿಕೊಂಡು. "ಮೊದಲ ಪಟ್ಟಿ ಇಡ್ರಿ. ಕಟ್ಟಿಗೀದು." ನನ್ನ ಕೈಗೆ ಸಿಕ್ಕ ಅಡಿಪಟ್ಟಿಯನ್ನೇ ಇಟ್ಟು ಕಟ್ಟಿದೆ.

ವೀರಭದ್ರಪ್ಪನ ಸಿಟ್ಟು ಅವಳ ಕೈಗೇ ಮುಗಿಯಲಿಲ್ಲ. ಅಂದೇ ಸಂಜೆ ಮನೆಯಲ್ಲಿ ಅವಳ ಅವ್ವನ ತಲೆಯನ್ನು ಗೋಡೆಗೆ ಅಪ್ಪಳಿಸಿದನಂತೆ. ಕಿವಿಯಿಂದ ರಕ್ತ ಸುರಿಯಿತು. ಕಟ್ಟಲು ಆ ಮನೆಯಲ್ಲಿ ಕೈ ಇರಲಿಲ್ಲ.

ಅವ್ವನಿಗೆ ಒಂದು ಕಿವಿ ಹೋಯಿತು. ನೀಲವ್ವನ ಮೂರು ಬೆರಳು ಸೊಟ್ಟಗೆ ಕೂಡಿದವು. ಶಾಲೆ ಬಿಡಿಸಿ ಹಾನಗಲ್ಲಿನ ಕಡೆ ಕೊಟ್ಟರೆಂದು ಕೇಳಿದೆ. ಶಿಕ್ಷಣ ಇಲಾಖೆಯಿಂದ ವಿಚಾರಣೆಗೆ ಬಂದವರಿಗೆ ನಾನು ಹೇಳಿದ್ದು: ವಹಿಯನ್ನು ಅವನೇ ನನ್ನ ಕೈಯಿಂದ ಕಿತ್ತುಕೊಂಡ. ಊರಿಗೆಲ್ಲ ಅವನ ಮೇಲೆ ಸಿಟ್ಟಿತ್ತು, ನನ್ನ ಸುಳ್ಳು ಸಲೀಸಾಗಿ ನಿಂತಿತು. ಇಮಾಮಸಾಬರು ಮುಂಗೈಗೆ ಬಟ್ಟೆ ಸುತ್ತಿಕೊಂಡು ಎದುರಿಗೇ ನಿಂತಿದ್ದರು. ನನ್ನನ್ನು ನೋಡಿದರು, ಬಟ್ಟೆಯ ಗಂಟು ಬಿಗಿ ಮಾಡಿಕೊಂಡು ಹೊರಟುಹೋದರು. ಆಮೇಲೆ ದಾರಿಯಲ್ಲಿ ಸಿಕ್ಕಾಗ ಅವರು ನನಗೆ ನಮಸ್ಕಾರ ಮಾಡಲಿಲ್ಲ.

ಇನ್ನೊಂದಿದೆ — ಇದನ್ನು ಬರೆಯಲು ಎಲ್ಲಕ್ಕಿಂತ ನಾಚಿಕೆ. ರಕ್ತವಾದ ಎರಡು ಹಾಳೆ ಕಿತ್ತು, ಅದೇ ಮಾತುಗಳನ್ನು ಹೊಸ ಹಾಳೆಯ ಮೇಲೆ ದುಂಡಗೆ ಬರೆದು, ಹೊಲಿದು ಸೇರಿಸಿ, ವಹಿ ಒಪ್ಪಿಸಿದೆ. ಪಾಸಾದೆ. ಶಿರಸಿಗೆ ವರ್ಗವಾಯಿತು. ಈಗ ಅದೇ ಪುಸ್ತಕವನ್ನು ಹೊಸಬರಿಗೆ ಕಲಿಸುತ್ತೇನೆ, ಅದೇ ಸಂಭಾಷಣೆಯನ್ನು ಮಾದರಿಯೆಂದು ಓದಿ ಹೇಳುತ್ತೇನೆ.

ಇವತ್ತು ಅವರಲ್ಲಿ ಒಬ್ಬಳು ಕೇಳಿದಳು: "ಈ ಹುಡುಗಿ ಈಗ ನರ್ಸ್ ಆಗಿರಬೇಕು ಅಲ್ದ, ಅಕ್ಕೋರೆ?"

"ಹೌದು," ಎಂದೆ.

ಸೋಮವಾರ ಆ ಮೂವರ ಮುಂದೆ ಇದನ್ನು ಓದುತ್ತೇನೆ. ಒಂದು ಪ್ರತಿ ಇಲಾಖೆಯ ಕಚೇರಿಗೆ. ನೌಕರಿ ಇಟ್ಟರೂ ತೆಗೆದರೂ ಆಮೇಲೆ ಹಾನಗಲ್ಲಿಗೆ ಹೋಗುವುದು. ಕ್ಷಮೆ ಕೇಳಲಿಕ್ಕಲ್ಲ. ಬಾಗಿಲು ತೆರೆದರೆ ಅವಳು ಅನ್ನುವುದನ್ನು ಕೇಳಿಸಿಕೊಳ್ಳಲು — ಬರೆದುಕೊಳ್ಳದೆ.

ದೀಪ ಹಚ್ಚುವ ಮೊದಲು ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳಿಗೂ ನಾನು ಅದೇ ಸುಳ್ಳು ಹೇಳಿದ್ದೆ. ಕೇಳಿ ಮುಗಿಸಿ, "ಇಷ್ಟು ವರ್ಷ ಆನು ಅವಂಗೊಬ್ಬಂಗೇ ಶಾಪ ಹಾಕಿದ್ನಲೆ," ಎಂದಳು. ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ನಾನು ಬಡಿಸಲು ಹೋದರೆ ತಟ್ಟೆ ಎಳೆದುಕೊಂಡು ತಾನೇ ಬಡಿಸಿಕೊಂಡಳು. ಮೊದಲು ಮಲಗಿದವಳು ಅವಳು, ಗೋಡೆಯ ಕಡೆ ಮುಖ ಮಾಡಿ.