ಅರ್ಧ ಇಂಚು ಬಿಗಿ

ನಮ್ಮ ಚರ್ಚಿನಲ್ಲಿ ಹಿಂದಿನ ಬೆಂಚು ದರ್ಜಿಯದು. ಗಾಯಕರ ಮುಖಂಡ ಅವನ ಸ್ವಂತ ಅಣ್ಣ. ತನ್ನ ಮದುವೆಗೆ ಅಣ್ಣ ಬರಲಿಲ್ಲವೆಂದು ದರ್ಜಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ. ಗಾಯಕರಿಗೆ ನಿಲುವಂಗಿ ಹೊಲಿಯುವ ಕೆಲಸ ಬಂದಾಗ, ಅಳತೆ ಕೇಳದೆ, ಅಣ್ಣನ ಕಾಲರನ್ನು ಬೇಕೆಂದೇ ಅರ್ಧ ಇಂಚು ಬಿಗಿ ಮಾಡಿದ.

ಪ್ರತಿ ಭಾನುವಾರ ಮೇಲಿನ ಸ್ವರಕ್ಕೆ ಅಣ್ಣನ ಮುಖ ಕೆಂಪೇರುತ್ತಿತ್ತು, ಸ್ವರ ಜಾರುತ್ತಿತ್ತು. ಪಾಪ, ಕಾಲರ್ ಬಿಗಿ ಎಂದು ನಾವು ಸಹಿಸಿಕೊಂಡೆವು. ಪಾದ್ರಿಗಳು ಕ್ಷಮೆಯ ಬಗ್ಗೆ ಬೋಧಿಸಿದರು. ದರ್ಜಿ ನೆಮ್ಮದಿಯಿಂದ ಕೇಳಿಸಿಕೊಂಡ.

ಮೊನ್ನೆ ನಿಲುವಂಗಿಯ ತೋಳು ಹರಿದು, ಅಣ್ಣ ಅಂಗಡಿಯ ಮೆಟ್ಟಿಲು ಹತ್ತಿದ. ದರ್ಜಿ ತೋಳು ಹೊಲಿಯುತ್ತಾ, ತಲೆ ಎತ್ತದೆ ಕೇಳಿದ: "ಕಾಲರ್ ಬಿಗಿ ಇಲ್ವಾ?"

"ಬಿಗಿನೇ. ಬೇಕಂತಲೇ ಮಾಡಿದ್ದೀಯ ಅಂತ ಮೊದಲ ದಿನವೇ ಗೊತ್ತಾಯ್ತು ಕಣೋ."

"ಮತ್ತೆ ಯಾಕಣ್ಣ ಸುಮ್ನಿದ್ದೆ?"

"ಮಾತು ಬಿಟ್ಟ ಮೇಲೂ ನನ್ನ ಕುತ್ತಿಗೆ ಅಳತೆ ನಿಂಗೆ ನೆನಪಿತ್ತಲ್ಲ. ಅಷ್ಟು ಸಾಕಾಯ್ತು."

ದರ್ಜಿ ಕತ್ತರಿ ತೆಗೆದು ಕಾಲರ್ ಬಿಚ್ಚಿದ.

ಭಾನುವಾರ ಅಣ್ಣ ಸಡಿಲ ಕಾಲರಿನಲ್ಲಿ ಆರಾಮಾಗಿ ಮೇಲಿನ ಸ್ವರ ಎತ್ತಿದ. ಮತ್ತೆ ಅದೇ ಅಪಸ್ವರ. ನಾವೆಲ್ಲ ನೆಲ ನೋಡಿದೆವು. ಹಿಂದಿನ ಬೆಂಚಿನಿಂದ ದರ್ಜಿಯೊಬ್ಬನೇ ಗಟ್ಟಿಯಾಗಿ "ಆಮೆನ್" ಎಂದ.